ಆ 28 ಮೀಟರ್

ಹುಬ್ಬಳ್ಳಿಯಲ್ಲಿ ನಾನು ಕುಡಿಯುವ ನೀರಿನ ಹಳೇ ಪೈಪ್ ತೆಗೆದು ಹೊಸದು ಹಾಕುವ ಕೆಲಸ ನೋಡಿಕೊಳ್ಳುತ್ತಿದ್ದಾಗಿನ ಮಾತು. ಒಂದು ಓಣಿಯ ಕೆಲಸ ಪೂರ್ತಿ ಮುಗಿದಿತ್ತು. ಮನೆಮನೆಗೂ ನೀಲಿ ಪೈಪ್ ಎಳೆದು ಮೀಟರ್ ಕೂರಿಸಿದ್ದೆವು. ನೀರು ತರಬೇಕಾದ ದೊಡ್ಡ ಲೈನ್ ಮಾತ್ರ ದೊಡ್ಡ ರಸ್ತೆಯ ಆಚೆ ಬದಿಗೆ ಬಂದು ನಿಂತಿತ್ತು. ನಡುವೆ ಉಳಿದದ್ದು ರಸ್ತೆಯ ಅಗಲ, 28 ಮೀಟರ್. ರಸ್ತೆ ನಮ್ಮದಲ್ಲ, ಬೇರೆ ಇಲಾಖೆಯದು. ಅದರ ಅಡಿಯಲ್ಲಿ ಪೈಪ್ ದಾಟಿಸಲು ಅನುಮತಿ ಕೇಳಿ ಒಂಬತ್ತು ತಿಂಗಳಾಗಿತ್ತು.

ಆ ಒಂಬತ್ತು ತಿಂಗಳೂ ಓಣಿಯವರು ಹಳೇ ಪೈಪಿನ ನೀರನ್ನೇ ಕುಡಿದರು.

ಓಣಿಯ ತುದಿಯಲ್ಲಿ ತರಕಾರಿ ಮಾರುವ ಒಬ್ಬ ಅಜ್ಜಿ ಇದ್ದರು. ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ. "ಇವತ್ತರ ಸಹಿ ಆಕ್ಕೈತೇನವ್ವಾ?" ಮಳೆಗಾಲದಲ್ಲಿ ಅವರ ಮೊಮ್ಮಗನಿಗೆ ಟೈಫಾಯ್ಡ್ ಆಗಿತ್ತು. ಅದು ನೀರಿನಿಂದಲೇ ಬಂತು ಅಂತ ಯಾರೂ ಬರೆದುಕೊಟ್ಟಿಲ್ಲ. ಆದರೆ ಅವರ ಮನೆಯ ನಳದಿಂದ ಮೊದಲ ಹತ್ತು ನಿಮಿಷ ಬರುತ್ತಿದ್ದ ನೀರನ್ನು ನಾನೇ ಮೂಸಿ ನೋಡಿದ್ದೆ. ಗಟಾರದ ವಾಸನೆ ಇತ್ತು.

ಹೀಗೆ ಯಾಕಾಗುತ್ತದೆ ಅಂದರೆ, ಹಳೇ ಪೈಪುಗಳು ಬೀಡುಕಬ್ಬಿಣದವು. ಒಂದರ ಬಾಯಿಗೆ ಇನ್ನೊಂದನ್ನು ಕೂರಿಸಿ, ಸಂದಿಗೆ ಸೆಣಬು ತುರುಕಿ, ಕಾಯಿಸಿದ ಸೀಸ ಹೊಯ್ದು ಜೋಡಿಸುತ್ತಿದ್ದರು. ಹುಬ್ಬಳ್ಳಿಯದು ಎರೆಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ವರ್ಷ ವರ್ಷ ಹೀಗೆ ಎತ್ತಿ ಇಳಿಸಿದರೆ ಯಾವ ಜಾಯಿಂಟ್ ತಾನೇ ತಾಳುತ್ತದೆ? ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಆ ಓಣಿಗೆ ನೀರು ಬರುತ್ತಿದ್ದದ್ದು ಆರೇಳು ದಿನಕ್ಕೊಮ್ಮೆ. ಪೈಪಿನಲ್ಲಿ ನೀರು ಒತ್ತಡದಿಂದ ಹರಿಯುವಾಗ ಬಿರುಕಿದ್ದರೂ ನೀರು ಹೊರಗೆ ಹೋಗುತ್ತದೆ, ಹೊಲಸು ಒಳಗೆ ಬರುವುದಿಲ್ಲ. ನೀರು ನಿಂತ ಮೇಲೆ ಪೈಪ್ ಖಾಲಿ. ಆಗ ಅದೇ ಬಿರುಕು ಸುತ್ತಲಿನ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಇದು ಸುಮ್ನೆ ಹೇಳುವ ಮಾತಲ್ಲ. 2008ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ಪೈಪ್ ಬದಲಿಸಿ ದಿನದ 24 ಗಂಟೆಯೂ ನೀರು ಕೊಡಲು ಶುರು ಮಾಡಿದರು. ಆಮೇಲೆ ಸಂಶೋಧಕರು ಎರಡೂ ಬಗೆಯ ವಾರ್ಡುಗಳ ನಳದ ನೀರು ತೆಗೆದು ಪರೀಕ್ಷೆ ಮಾಡಿದರು. 2013ರಲ್ಲಿ ಅದು ಪ್ರಕಟವಾಯಿತು. ಸದಾ ನೀರಿರುವ ಕಡೆ ಮಲದ ಗುರುತಾದ ಇ-ಕೋಲೈ ಸಿಕ್ಕಿದ್ದು ನೂರು ಮಾದರಿಗೆ ಒಂದಕ್ಕಿಂತ ಕಡಿಮೆ. ಬಿಟ್ಟು ಬಿಟ್ಟು ನೀರು ಬರುವ ಕಡೆ ನೂರಕ್ಕೆ ಮೂವತ್ತಕ್ಕೂ ಜಾಸ್ತಿ. ಒಂದೇ ಊರು ಅಲ್ವಾ ಎರಡೂ! ಆ ಅಂಕಿ ಓದಿದ ಮೇಲೆ ನಮ್ಮ 28 ಮೀಟರ್ ನನಗೆ ರಾತ್ರಿ ನಿದ್ದೆಯಲ್ಲೂ ಬರುತ್ತಿತ್ತು.

ಅರ್ಜಿ ಮೂರು ಸಲ ವಾಪಸ್ ಬಂದಿತ್ತು. ಮೊದಲ ಸಲ ನಕ್ಷೆಯಲ್ಲಿ ರಸ್ತೆಯ ಅಡ್ಡಸೀಳು ತೋರಿಸಿರಲಿಲ್ಲ. ಅದು ನಮ್ಮದೇ ತಪ್ಪು. ಎರಡನೇ ಸಲ ಬ್ಯಾಂಕ್ ಗ್ಯಾರಂಟಿಯ ಅವಧಿ ಸಾಲದು ಅಂದರು. ಮೂರನೇ ಸಲ ಕುರ್ಚಿಯಲ್ಲಿದ್ದವರು ಬದಲಾದರು, ಹೊಸಬರು ಮೊದಲಿನಿಂದ ನೋಡುತ್ತೇನೆ ಅಂದರು. ಕೊನೆಗೆ ಒಂದು ದಿನ ಫೋನ್ ಬಂತು. ನಾಳೆ ಬೆಳಗ್ಗೆ ಏಳಕ್ಕೆ ಜಂಟಿ ಪರಿಶೀಲನೆ, ಎಲ್ಲರೂ ಬರಬೇಕು.

ಏಳಕ್ಕೆ ಎಲ್ಲರೂ ಇದ್ದರು. ಕರೆಂಟಿನವರು, ಫೋನ್ ಕೇಬಲ್‌ನವರು, ಒಳಚರಂಡಿಯವರು, ಟ್ರಾಫಿಕ್‌ನ ಒಬ್ಬರು. ರಸ್ತೆಯ ಕಡೆಯಿಂದ ಬಂದವರು ನಿವೃತ್ತಿಗೆ ಹತ್ತಿರವಿದ್ದ ಇಂಜಿನಿಯರ್. ನಾನು ಜೀಪಿನ ಬಾನೆಟ್ ಮೇಲೆ ನಕ್ಷೆ ಹಾಸಿದೆ. ರಸ್ತೆ ಅಗೆಯುವುದಿಲ್ಲ, ಎರಡೂ ಬದಿ ಗುಂಡಿ ತೋಡಿ ಜ್ಯಾಕ್ ಇಟ್ಟು ಉಕ್ಕಿನ ದೊಡ್ಡ ಕೊಳವೆ ನೂಕುತ್ತೇವೆ, ಅದರೊಳಗೆ ನೀರಿನ ಪೈಪ್ ಹೋಗುತ್ತದೆ, ಮೇಲೆ ಗಾಡಿ ಓಡಾಡುತ್ತಲೇ ಇರುತ್ತವೆ ಅಂತ ವಿವರಿಸಿದೆ. ಕೊಳವೆ ರಸ್ತೆಗಿಂತ ಕನಿಷ್ಠ 1.2 ಮೀಟರ್ ಕೆಳಗಿರಬೇಕು ಅನ್ನುವುದು ನಿಯಮ. ನಾವು 1.5 ಹಿಡಿದಿದ್ದೆವು. ನೇರ ಅಡ್ಡವಾಗಿ ದಾಟಬೇಕು, ಹಾಗೇ ಇತ್ತು. ಎಲ್ಲ ಸರಿ ಇದೆ, ಸಹಿ ಒಂದೇ ಬಾಕಿ ಅಂದುಕೊಂಡಿದ್ದೆ.

ರಸ್ತೆಯ ಇಂಜಿನಿಯರ್ ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು. "ಮೇಡಂ, ಇಲ್ಲಿ ಯುಜಿಡಿ ಮೂರು ಮೀಟರ್ ಕೆಳಗೈತಿ ಅಂತ ಬರದೀರಿ. ಕಣ್ಣಾರೆ ನೋಡಿದವರು ಯಾರು?"

ಯುಜಿಡಿ ಅಂದರೆ ಒಳಚರಂಡಿ. ಹಳೇ ನಕ್ಷೆಯಿಂದ ತೆಗೆದುಕೊಂಡದ್ದು ಅಂದೆ. ಒಳಚರಂಡಿಯವರು ತಮ್ಮ ನಕ್ಷೆಯಲ್ಲೂ ಹಾಗೇ ಇದೆ ಅಂದರು. ಇಂಜಿನಿಯರ್ ತಲೆ ಅಲ್ಲಾಡಿಸಿದರು. "ಗುಂಡಿ ತಗೀರಿ. ನೋಡದ ನಾ ಸಹಿ ಹಾಕಂಗಿಲ್ಲ."

ನನಗೆ ಆ ಕ್ಷಣ ಬಂದ ಸಿಟ್ಟು ಈಗಲೂ ನೆನಪಿದೆ. ಒಂಬತ್ತು ತಿಂಗಳ ಮೇಲೆ ಇನ್ನೂ ಒಂದು ಷರತ್ತು! ಅಜ್ಜಿ ತರಕಾರಿ ಬುಟ್ಟಿ ಬಿಟ್ಟು ಹತ್ತಿರ ಬಂದು ನಿಂತಿದ್ದರು. ಅವರ ಮುಖ ನೋಡಲು ಆಗಲಿಲ್ಲ.

ನಮ್ಮ ನಾಲ್ಕು ಜನ ಕೆಲಸದವರು ರಸ್ತೆಯ ಅಂಚಿನಲ್ಲಿ, ನಾವು ಗುರುತು ಮಾಡಿದ ಜಾಗದಲ್ಲೇ, ಗುದ್ದಲಿ ಹಾರೆ ಹಿಡಿದು ಇಳಿದರು. ಜೆಸಿಬಿ ಬೇಡ ಅಂದಿದ್ದರು ಆ ಹಿರಿಯರು. ಅರ್ಧ ಮೀಟರ್‌ಗೆ ಜಲ್ಲಿ ಮುಗಿದು ಕರಿಮಣ್ಣು ಶುರುವಾಯಿತು. ಸುಮಾರು ಒಂದು ಮೀಟರ್‌ಗೆ ಫೋನ್ ಕೇಬಲ್ಲಿನ ಕೊಳವೆಗಳು ಸಿಕ್ಕವು, ಅವು ನಕ್ಷೆಯಲ್ಲಿದ್ದವೇ. ಆಮೇಲೆ ಮಣ್ಣು ಒದ್ದೆಯಾಗುತ್ತ ಹೋಯಿತು. ಮಳೆ ಇಲ್ಲದ ತಿಂಗಳು ಅದು. ಕೆಳಗಿದ್ದವನು ಮೂಗು ಮುಚ್ಚಿಕೊಂಡು ಮೇಲೆ ನೋಡಿದ. 1.7 ಮೀಟರ್‌ನಲ್ಲಿ ಒಳಚರಂಡಿಯ ಒಂದು ಹಳೇ ಕವಲು ಇತ್ತು. ಓಣಿಯಿಂದ ರಸ್ತೆ ದಾಟಿ ಹೋಗಿ ದೊಡ್ಡ ಲೈನಿಗೆ ಸೇರುವ ಕವಲು. ಯಾರ ನಕ್ಷೆಯಲ್ಲೂ ಇರಲಿಲ್ಲ. ಜಾಯಿಂಟ್ ಬಿಟ್ಟು ಸೋರುತ್ತಿತ್ತು. ಅದಕ್ಕೆ ಒಂದು ಗೇಣು ದೂರದಲ್ಲಿ, ಅದೇ ಒದ್ದೆ ಮಣ್ಣಿನಲ್ಲಿ, ನಮ್ಮ ಹಳೇ ನೀರಿನ ಪೈಪ್ ಮಲಗಿತ್ತು.

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಾನು ಬೆಳಗ್ಗೆ ಸಹಿ ಹಾಕಿಸಿಕೊಂಡು ಹೋಗಿದ್ದರೆ, ನಮ್ಮ ಉಕ್ಕಿನ ಕೊಳವೆ ಅದೇ ಕವಲನ್ನು ಒಡೆದುಕೊಂಡು ಹೋಗುತ್ತಿತ್ತು. ಚರಂಡಿಯೂ ನೀರೂ ಅಡ್ಡ ಹಾಯುವ ಕಡೆ ನೀರಿನ ಪೈಪ್ ಮೇಲಿರಬೇಕು, ನಡುವೆ ಅರ್ಧ ಮೀಟರ್ ಅಂತರ ಬೇಕು ಅಂತ ಕಲಿತು ಬಂದವಳು ನಾನು. ನಾನು ಬರೆದ ನಕ್ಷೆಯೇ ಅದನ್ನು ಮುರಿಯುತ್ತಿತ್ತು.

ಆ ಹಿರಿಯರು ನನ್ನನ್ನು ಬೈಯಲಿಲ್ಲ. ಟೇಪ್ ಹಿಡಿದು ತಾವೇ ಅಳೆದರು. ಆರು ಮೀಟರ್ ಪಶ್ಚಿಮಕ್ಕೆ ಸರಿದು ಇನ್ನೊಂದು ಗುಂಡಿ ತೆಗೆಸಿದರು. ಅಲ್ಲಿ ಕವಲು ಇರಲಿಲ್ಲ, ಮಣ್ಣು ಒಣಗಿತ್ತು. ಹತ್ತಿರದ ಮ್ಯಾನ್‌ಹೋಲ್ ತೆಗೆದು ಕೋಲು ಇಳಿಸಿದಾಗ ದೊಡ್ಡ ಚರಂಡಿ ನಿಜವಾಗಿಯೂ ಮೂರು ಮೀಟರ್ ಕೆಳಗಿತ್ತು. ಅಲ್ಲೇ ನಕ್ಷೆಯಲ್ಲಿ ಕೆಂಪು ಪೆನ್ನಿನಿಂದ ಹೊಸ ಗೆರೆ ಎಳೆದು ಸಹಿ ಹಾಕಿದರು. ಉಳಿದವರೂ ಹಾಕಿದರು. ಹತ್ತೂವರೆ ಆಗಿತ್ತು.

ಮೂರೂವರೆ ಗಂಟೆಯ ಕೆಲಸ. ಅದನ್ನು ಮೊದಲ ತಿಂಗಳೇ ಯಾಕೆ ಮಾಡಲಿಲ್ಲ? ಪರೀಕ್ಷೆಗೆ ಗುಂಡಿ ತೆಗೆಯಲೂ ಅದೇ ಅನುಮತಿ ಬೇಕು ಅಂತ ನಾವೆಲ್ಲ ನಂಬಿದ್ದೆವು, ಆದ್ದರಿಂದ ಯಾರೂ ಕೇಳಲೇ ಇಲ್ಲ. ನಾನೂ ಕೇಳಲಿಲ್ಲ. ಅನುಮತಿಯೇ ಬೇಡ ಅನ್ನುವವರ ಜೊತೆ ನಾನು ಅವತ್ತಿನಿಂದ ವಾದ ಮಾಡುತ್ತೇನೆ. ನೆಲದ ಕೆಳಗೆ ಹತ್ತು ಜನರ ಸ್ವತ್ತು ಇದೆ, ಒಬ್ಬರು ನೋಡಿ ಒಪ್ಪಲೇಬೇಕು. ಆದರೆ ಅರ್ಜಿ ಬಂದ ವಾರದಲ್ಲೇ ಗುಂಡಿ ತೆಗೆದು ನೋಡಲಿ. ಕಾಗದ ಆಮೇಲೆ ನಡೆಯಲಿ. ಮೂರು ಸಲ ವಾಪಸ್ ಬಂದ ಫೈಲಿನಲ್ಲಿ ಆ ಕವಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಹನ್ನೆರಡು ದಿನಕ್ಕೆ ಅನುಮತಿ ಪತ್ರ ಕೈಗೆ ಬಂತು. ಎರಡು ರಾತ್ರಿ ಜ್ಯಾಕ್ ನಡೆಸಿ ಕೊಳವೆ ದಾಟಿಸಿದೆವು. ಸೋರುವ ಕವಲನ್ನು ಒಳಚರಂಡಿಯವರು ಸರಿ ಮಾಡಿದರು. ಹಳೇ ನೀರಿನ ಪೈಪ್ ಕತ್ತರಿಸಿ ತೆಗೆದಾಗ ಒಳಗೆ ತುಕ್ಕಿನ ಗಂಟುಗಳು ಬೆಳೆದು, ಕೈ ಹಿಡಿಸುವ ಬಾಯಿಯಲ್ಲಿ ಎರಡು ಬೆರಳು ಮಾತ್ರ ಹೋಗುತ್ತಿದ್ದವು. ಕವಲು ಇದ್ದ ಜಾಗ, ಆಳ, ಅಂಚಿನಿಂದ ದೂರ ಎಲ್ಲ ಅಳೆದು ನಮ್ಮ ನಕ್ಷೆಯಲ್ಲೂ ಒಳಚರಂಡಿಯವರ ನಕ್ಷೆಯಲ್ಲೂ ಸೇರಿಸಿದೆ.

ಹೊಸ ಲೈನಿಗೆ ನೀರು ಬಿಟ್ಟು, ಬ್ಲೀಚಿಂಗ್ ಪೌಡರ್ ದ್ರಾವಣ ತುಂಬಿ ಒಂದು ದಿನ ಇಟ್ಟು, ಆಮೇಲೆ ತೊಳೆದು ಗಟಾರಕ್ಕೆ ಹರಿಸಿದೆವು. ಅಷ್ಟು ನೀರು ಹೋಗುವುದನ್ನು ನೋಡಿ ಹೆಂಗಸರು ಕೊಡ ಹಿಡಿದು ಓಡಿ ಬಂದರು. ಕುಡಿಯಬೇಡಿ, ಮಾದರಿ ಲ್ಯಾಬಿಗೆ ಕಳಿಸಿದ್ದೇನೆ, ಎರಡು ದಿನ ತಡೆಯಿರಿ ಅಂದೆ. 100 ಮಿಲಿ ಲೀಟರ್‌ನಲ್ಲಿ ಒಂದೂ ಇ-ಕೋಲೈ ಇರಬಾರದು. ಆ ವರದಿ ಬರದೆ ವಾಲ್ವ್ ತೆರೆಯುವಂತಿಲ್ಲ.

ಅಜ್ಜಿ ಕೇಳಿದರು. "ಇನ್ನೂ ಯಾರದು ಸಹಿ ಬೇಕವ್ವಾ?"

"ಇದೊಂದಕ್ಕ ಕಾಯೂಣಜ್ಜಿ," ಅಂದೆ. "ಇದಿಲ್ಲದ ನಾನು ಬಿಡಂಗಿಲ್ಲ."

ಮೂರನೇ ದಿನ ಬೆಳಗ್ಗೆ ಆರಕ್ಕೆ ವರದಿ ಕೈಯಲ್ಲಿ ಹಿಡಿದು ವಾಲ್ವ್ ತೆರೆಸಿದೆ. ಅಜ್ಜಿ ಎಂದಿನಂತೆ ಎರಡು ಬ್ಯಾರೆಲ್, ನಾಲ್ಕು ಕೊಡ, ಒಂದು ಹಂಡೆ ಎಲ್ಲವನ್ನೂ ಅಂಗಳದಲ್ಲಿ ಸಾಲಾಗಿ ಇಟ್ಟಿದ್ದರು. ಇನ್ನು ತುಂಬಿಡುವುದು ಬೇಡ, ನಾಳೆಯೂ ಬರುತ್ತದೆ ಅಂದೆ. ಅವರು ಪೈಪ್ ಹಿಡಿದು ಮೊದಲ ಬ್ಯಾರೆಲ್‌ಗೆ ಬಿಡುತ್ತಲೇ ಹೇಳಿದರು. "ನಾಳೆ ಬರ್ಲಿ. ಬಂದದ್ದು ನೋಡಿ ಬಿಡ್ತೀನಿ."