ಬೆಲ್ಲದ ಬಣ್ಣ ಮತ್ತು ಭಾವನವರ ವೆಬ್‌ಸೈಟ್

ಮದ್ದೂರಿನಿಂದ ಮಳವಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ ನನ್ನ ಭಾವನವರ ಆಲೆಮನೆಯಿದೆ. ಬೆಲ್ಲ ಹಳದಿಯಾಗಿ ಹೊಳೆಯಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದನ್ನು ಅವರು ಬಿಟ್ಟು ಕೆಲವು ವರ್ಷಗಳಾದವು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆಗಿಡದ ಲೋಳೆಯನ್ನೇ ಬಳಸುತ್ತಾರೆ. ಹಾಗಾಗಿ ಅವರ ಬೆಲ್ಲದ್ದು ಕಡು ಕಂದು ಬಣ್ಣ. ಕಳೆದ ದೀಪಾವಳಿಯ ಹೊತ್ತಿಗೆ ಬೆಂಗಳೂರಿನ ಗ್ರಾಹಕರೊಬ್ಬರು, ವೆಬ್‌ಸೈಟಿನಲ್ಲಿ ಕಂಡದ್ದು ಹೊನ್ನಿನ ಬಣ್ಣದ ಅಚ್ಚು ಬೆಲ್ಲ, ಮನೆಗೆ ಬಂದದ್ದು ಕಪ್ಪು ಬೆಲ್ಲ ಎಂದು ದೂರಿ, ತರಿಸಿಕೊಂಡ 5 ಕೆಜಿಯನ್ನೂ ಹಿಂದಕ್ಕೆ ಕಳುಹಿಸಿದರು. ಭಾವನವರಿಗೆ ಸಿಟ್ಟು ಬಂದಿತು. ನನಗೆ ವೆಬ್‌ಸೈಟನ್ನೊಮ್ಮೆ ತೆರೆದು ನೋಡಬೇಕೆನ್ನಿಸಿತು.

ತಪ್ಪು ಗ್ರಾಹಕರದಾಗಿರಲಿಲ್ಲ. ಸೈಟು ಮಾಡಿಕೊಟ್ಟವರು ಚಿತ್ರಗಳು ಚೆಂದ ಕಾಣಲೆಂದು ಬೆಳಕನ್ನೂ ಹಳದಿಯನ್ನೂ ಏರಿಸಿದ್ದರು. ಆಲೆಮನೆಯಲ್ಲಿ ಬಿಟ್ಟಿದ್ದ ಹೈಡ್ರೋಸನ್ನು ಚಿತ್ರದಲ್ಲಿ ಹಾಕಿದಂತಾಗಿತ್ತು. ಬೆಲ್ಲದ ವಿಷಯ ಬಲ್ಲವರು ಆ ಹೊಳಪನ್ನು ನೋಡಿಯೇ ಬೇರೆ ಕಡೆಗೆ ಹೋಗಿರಬಹುದು. ತಿಳಿಯದವರು ಕೊಂಡು ಬೇಸರಪಟ್ಟರು. ನಾನು ಒಂದು ಬೆಳಿಗ್ಗೆ ಜಗಲಿಯ ನೆರಳಿನಲ್ಲಿ ಬಿಳಿ ಪಂಚೆ ಹಾಸಿ, ಅಚ್ಚು, ಉಂಡೆ, ಕುರಿಕಟ್ಟು ಮೂರನ್ನೂ ಅದರ ಮೇಲಿಟ್ಟು, ಗಾತ್ರ ತಿಳಿಯಲೆಂದು ಪಕ್ಕದಲ್ಲೊಂದು ಸ್ಟೀಲ್ ಲೋಟವಿಟ್ಟು ಚಿತ್ರ ತೆಗೆದೆ. ಬೆಲ್ಲ ಕಪ್ಪಗಿರುವುದೇಕೆ ಎಂಬುದನ್ನು ಚಿತ್ರದ ಕೆಳಗೇ ಎರಡು ಸಾಲಿನಲ್ಲಿ ಬರೆದೆ.

ಉಳಿದದ್ದನ್ನು ತಿದ್ದುವ ಮೊದಲು, ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರ ಬಳಿಗೆ ಹೋಗಿ, ಅವರ ಫೋನಿನಲ್ಲೇ ಹಳೆಯ ಸೈಟನ್ನು ತೆರೆದು, ಎರಡು ಕೆಜಿ ಅಚ್ಚು ಬೆಲ್ಲ ತರಿಸಿ ನೋಡಿ ಎಂದು ಕೇಳಿಕೊಂಡೆ. ನಾನು ಬಾಯಿ ಬಿಡಬಾರದೆಂದು ಮೊದಲೇ ನಿಶ್ಚಯಿಸಿದ್ದೆನಾದರೂ ಅದೇ ಆ ದಿನದ ಅತ್ಯಂತ ಕಷ್ಟದ ಕೆಲಸವಾಯಿತು. ಮೊದಲ ಪುಟದಲ್ಲಿ ತಾವಾಗಿಯೇ ಸರಿಯುತ್ತಿದ್ದ ಏಳು ಚಿತ್ರಗಳಲ್ಲಿ ಒಂದೊಂದೂ ಕ್ಯಾಮೆರಾದ ಪೂರ್ತಿ ಗಾತ್ರದಲ್ಲೇ ಇದ್ದು ಸುಮಾರು 4 ಎಂಬಿ ತೂಗುತ್ತಿದ್ದುದರಿಂದ, ಅವರು ಬಿಳಿಯ ಪರದೆಯನ್ನು ನೋಡುತ್ತಾ ಕನ್ನಡಕ ಒರೆಸಿಕೊಂಡರು. ಬೆಲ್ಲದ ಹಳದಿಯ ಮೇಲೆ ಬಿಳಿ ಅಕ್ಷರಗಳಿದ್ದವು, ಅವು ಕಾಣಲಿಲ್ಲ. ಬೆಲೆ ಎಲ್ಲಿಯೂ ಇರಲಿಲ್ಲ. ಫೋನ್ ಸಂಖ್ಯೆ ಚಿತ್ರದೊಳಗೆ ಸೇರಿಹೋಗಿದ್ದರಿಂದ ಅದನ್ನು ಒತ್ತಿದರೆ ಏನೂ ಆಗಲಿಲ್ಲ. ಕೊನೆಗೆ ಮೇಷ್ಟ್ರು, ‘ಇದರ ಬದಲು ಬಸ್ಸು ಹತ್ತಿ ಹೋಗಿ ತಂದುಬಿಡುತ್ತೇನೆ’ ಎಂದು ಫೋನನ್ನು ಪಕ್ಕಕ್ಕಿಟ್ಟರು. ಅಂಗಡಿಯ ಕಟ್ಟೆಯ ಮೇಲೆ ಜನ ಕೇಳುವುದು ಎಷ್ಟಕ್ಕೆ, ಯಾವಾಗಿನದು, ಹೇಗೆ ಕಳಿಸುತ್ತೀರಿ ಎಂಬ ಮೂರೇ ಪ್ರಶ್ನೆಗಳನ್ನು. ನಮ್ಮ ಸೈಟು ಅವಕ್ಕೆ ಉತ್ತರ ಕೊಡುವ ಮೊದಲು ಮನೆತನದ ಪರಂಪರೆಯನ್ನು ಹೇಳುತ್ತಿತ್ತು.

ಅತಿ ಹೆಚ್ಚು ಹೊತ್ತು ಹಿಡಿದದ್ದು ಕನ್ನಡದ ಅಕ್ಷರ. ‘ನಮ್ಮ ಬಗ್ಗೆ’ ಪುಟದ ಬರಹವನ್ನು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಹಾಗೆಯೇ ಅಂಟಿಸಿದ್ದರು. ಆ ಫಾಂಟ್ ಇಲ್ಲದ ಫೋನಿನಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಮೊದಲ ಪುಟದ ಕನ್ನಡವಂತೂ ಚಿತ್ರವೇ ಆಗಿದ್ದರಿಂದ ಗೂಗಲ್ ಹುಡುಕಾಟಕ್ಕೆ ಸುಲಭವಾಗಿ ಸಿಗುವಂತಿರಲಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಸರಾಗವಾಗಿ ಓದಿ ಹೇಳುವಂತೆಯೂ ಇರಲಿಲ್ಲ. ಎಲ್ಲವನ್ನೂ ಈಗಿನ ಫೋನುಗಳು ಓದಬಲ್ಲ ಯೂನಿಕೋಡಿಗೆ ತಂದು, ಪರಿವರ್ತನೆಯಲ್ಲಿ ಜಾಗ ತಪ್ಪಿದ ಅರ್ಕಾವತ್ತುಗಳನ್ನು ಒಂದೊಂದಾಗಿ ತಿದ್ದಿ, ನೋಟೋ ಸಾನ್ಸ್ ಕನ್ನಡ ಫಾಂಟಿನಲ್ಲಿ ಕೂರಿಸಿದೆ. ಆಗ ಇನ್ನೊಂದು ತೊಡಕು ಎದುರಾಯಿತು. ಇಂಗ್ಲಿಷಿಗೆಂದು ಮಾಡಿದ ಟೆಂಪ್ಲೇಟಿನಲ್ಲಿ, ಅಂದರೆ ಸಿದ್ಧ ಪುಟವಿನ್ಯಾಸದಲ್ಲಿ, ಸಾಲುಗಳ ಅಂತರ ಅಕ್ಷರದ ಗಾತ್ರದ 1.2 ಪಟ್ಟು ಇತ್ತು. ‘ಕುರಿಕಟ್ಟು’ ಎಂಬುದರ ಒತ್ತು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಅಂತರವನ್ನು 1.7ಕ್ಕೆ ಏರಿಸಿದ ಮೇಲೆ ಪುಟ ಉಸಿರಾಡಿತು. ಕನ್ನಡಕ್ಕೆ ತಲೆಯ ಮೇಲೂ ಕಾಲ ಕೆಳಗೂ ಜಾಗ ಬೇಕೆಂಬುದನ್ನು ಟೆಂಪ್ಲೇಟ್ ಮಾರುವವರು ಯಾರಾದರೂ ಒಮ್ಮೆ ಯೋಚಿಸಬಾರದೇ?

ಬಣ್ಣದ ವಿಷಯದಲ್ಲಿ ವಾದ ನಡೆಯಿತು. ಹಳದಿ ಬೇಕೇ ಬೇಕೆಂದು ಭಾವನವರು ಪಟ್ಟು ಹಿಡಿದರು. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕೆಂದು ಡಬ್ಲ್ಯುಸಿಎಜಿ ಎಂಬ, ವೆಬ್ ಪುಟಗಳು ಎಲ್ಲರಿಗೂ ಎಟುಕಲೆಂದು ಮಾಡಿದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಮ್ಮದು 2ನ್ನೂ ಮುಟ್ಟಿರಲಿಲ್ಲ. ಅಂಕಿ ಅವರನ್ನು ಒಪ್ಪಿಸಲಿಲ್ಲ. ಫೋನನ್ನು ಗದ್ದೆಯ ಬಿಸಿಲಿಗೆ ಒಯ್ದು ಅವರ ಕೈಗೇ ಕೊಟ್ಟೆ, ಅವರು ಕಣ್ಣು ಕಿರಿದು ಮಾಡಿ ನೋಡಿ ಸುಮ್ಮನಾದರು. ಈಗ ಕೆನೆಬಣ್ಣದ ಮೇಲೆ ಕಡುಗಂದು ಅಕ್ಷರಗಳಿವೆ, ಹಳದಿ ಒಂದು ಗೆರೆಯಾಗಿ ಮೇಲೆ ಉಳಿದಿದೆ.

ಮಿಕ್ಕದ್ದು ಬೇಗ ಮುಗಿಯಿತು. ಏಳು ಚಿತ್ರಗಳ ಬದಲು ಮೂರನ್ನು, 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ರೂಪದಲ್ಲಿ ಹಾಕಿದೆ. ಮೂರೂ ಸೇರಿ 400 ಕೆಬಿ ದಾಟುವುದಿಲ್ಲ. ಒಂಬತ್ತು ಖಾನೆಗಳ ವಿಚಾರಣಾ ಅರ್ಜಿಯನ್ನು ಕಿತ್ತು, ಒತ್ತಿದರೆ ‘2 ಕೆಜಿ ಅಚ್ಚು ಬೆಲ್ಲ ಬೇಕು’ ಎಂಬ ಸಾಲು ಮೊದಲೇ ತುಂಬಿರುವ ವಾಟ್ಸ್ಆ್ಯಪ್ ಸಂದೇಶ ತೆರೆದುಕೊಳ್ಳುವ ಗುಂಡಿಯೊಂದನ್ನು ಇಟ್ಟೆ. ಅದರ ಪಕ್ಕದಲ್ಲೇ ಬೆಲೆ ಮತ್ತು ಸಾಗಣೆ ವೆಚ್ಚ ಇವೆ, ಕೆಳಗೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆಯಿದೆ.

‘ಯಾವಾಗಿನದು’ ಎಂಬ ಪ್ರಶ್ನೆಗೆ ಮಾತ್ರ ನಾನು ಉತ್ತರ ಬರೆಯುವಂತಿರಲಿಲ್ಲ. ಆದ್ದರಿಂದ ಪುಟದ ಮೇಲ್ಗಡೆ, ಭಾವನವರು ತಮ್ಮ ಫೋನಿನಿಂದಲೇ ಬದಲಿಸಬಹುದಾದ ಒಂದು ಸಾಲು ಬಿಟ್ಟಿದ್ದೇನೆ. ಮೊನ್ನೆ ನೋಡಿದಾಗ ಅಲ್ಲಿ ಹೀಗಿತ್ತು: ‘ಗಾಣ ಕೆಟ್ಟಿದೆ. ಅಚ್ಚು ಬೆಲ್ಲ ಗುರುವಾರ ಸಿಗುತ್ತದೆ. ಉಂಡೆ ಇದೆ, ಸ್ವಲ್ಪ ಕಪ್ಪು ಜಾಸ್ತಿ.’