ನಿಂತ ಕಾರಿನಲ್ಲಿ ಇಳಿಯುವ ಬ್ಯಾಟರಿ: ಸೋರಿಕೆಯ ಮೂಲ ಸಿಕ್ಕಿದೆ

ಮೂರು ದಿನ ನಿಲ್ಲಿಸಿದರೆ ಸೆಲ್ಫ್ ತೆಗೆದುಕೊಳ್ಳದ ನಮ್ಮ ಹಳೆಯ ಕಾರಿನ ಪರೀಕ್ಷೆ ಈ ವಾರ ಒಂದು ಹಂತಕ್ಕೆ ಬಂದಿದೆ. ರಾಯಚೂರಿನ ಬಿಸಿಲಿಗೆ ಬ್ಯಾಟರಿ ತಡೆಯುವುದಿಲ್ಲ, ಬದಲಿಸಿಬಿಡಿ ಎಂದವರೇ ಹೆಚ್ಚು. 40 ಡಿಗ್ರಿ ದಾಟಿದಾಗ ಬ್ಯಾಟರಿ ತಾನಾಗಿಯೇ ಬೇಗ ಇಳಿಯುವುದು ನಿಜವಾದರೂ ಆ ಇಳಿತ ವಾರಗಳ ಲೆಕ್ಕದ್ದು. ಪೂರ್ತಿ ಚಾರ್ಜ್ ಮಾಡಿ ನೆಗೆಟಿವ್ ಕೇಬಲ್ ಕಳಚಿಟ್ಟಾಗ 12.6 ವೋಲ್ಟ್ ಹೆಚ್ಚುಕಡಿಮೆ ಹಾಗೆಯೇ ಉಳಿದದ್ದರಿಂದ, ಕಾರಿನೊಳಗೇ ಏನೋ ಕರೆಂಟ್ ಎಳೆಯುತ್ತಿದೆ ಎಂಬುದು ಖಚಿತವಾಯಿತು.

ಕರೆಂಟ್, ವೋಲ್ಟ್ ಅಳೆಯುವ ಮಲ್ಟಿಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ರಂಧ್ರಕ್ಕೆ ಹಾಕಿ, ನೆಗೆಟಿವ್ ಕೇಬಲ್ ಮತ್ತು ಟರ್ಮಿನಲ್ ನಡುವೆ ಜೋಡಿಸಿ, ಬಾಗಿಲುಗಳನ್ನು ಮುಚ್ಚಿ ಅರ್ಧ ಗಂಟೆಗಿಂತ ಹೆಚ್ಚು ಕಾದೆ. ಸೆಂಟ್ರಲ್ ಲಾಕ್ ಮುಂತಾದವು ಕೂಡಲೇ ನಿದ್ರೆಗೆ ಜಾರುವುದಿಲ್ಲವಾದ್ದರಿಂದ ಮೊದಲ ನಿಮಿಷಗಳ ಅಂಕಿಯನ್ನು ನಂಬುವಂತಿಲ್ಲ. ಮೀಟರ್ ಜೋಡಿಸಿರುವಾಗ ಸೆಲ್ಫ್ ಹೊಡೆಯಲೇಬಾರದು, ಹೊಡೆದರೆ ಮೀಟರಿನ ಫ್ಯೂಸೇ ಸುಡುತ್ತದೆ. ನಿಂತ ಕಾರು ಎಳೆಯುವ ಕರೆಂಟ್ ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿರಬೇಕು, ಇಲ್ಲಿ 380ರಲ್ಲಿ ನಿಂತಿತು. 35 ಆಂಪಿಯರ್-ಅವರ್ ಬ್ಯಾಟರಿ ಈ ಲೆಕ್ಕದಲ್ಲಿ ನಾಲ್ಕು ದಿನದೊಳಗೆ ಬರಿದಾಗುತ್ತದೆ.

ಯಾವ ಭಾಗ ಕರೆಂಟ್ ಎಳೆಯುತ್ತಿದೆ ಎಂದು ಹುಡುಕಲು ಫ್ಯೂಸುಗಳನ್ನು ಒಂದೊಂದಾಗಿ ಕೀಳುವ ರೂಢಿಯನ್ನು ನಾನು ಬೇಕೆಂದೇ ಬಿಟ್ಟೆ. ಕಿತ್ತು ಮತ್ತೆ ಸಿಕ್ಕಿಸಿದೊಡನೆ ಮಲಗಿದ ಭಾಗಗಳು ಎದ್ದು ಲೆಕ್ಕ ಕೆಡಿಸುತ್ತವೆ. ಅದರ ಬದಲು ಪ್ರತಿ ಫ್ಯೂಸಿನ ತಲೆಯ ಮೇಲಿರುವ ಎರಡು ಲೋಹದ ಚುಕ್ಕೆಗಳಿಗೆ ಇನ್ನೊಂದು ಮೀಟರಿನ ಕಡ್ಡಿಗಳನ್ನಿಟ್ಟು ಮಿಲಿವೋಲ್ಟ್ ನೋಡುತ್ತಾ ಹೋದೆ. ಕರೆಂಟ್ ಹರಿಯದ ಫ್ಯೂಸಿನಲ್ಲಿ ಸೊನ್ನೆ ಬರುತ್ತದೆ. 10 ಆಂಪಿಯರಿನ ಒಂದೇ ಒಂದು ಫ್ಯೂಸ್ ಸುಮಾರು 3 ಮಿಲಿವೋಲ್ಟ್ ತೋರಿಸಿತು. ಅದು ಮ್ಯೂಸಿಕ್ ಸಿಸ್ಟಮಿನದು.

ಡ್ಯಾಶ್‌ಬೋರ್ಡಿನಿಂದ ಸೆಟ್ಟನ್ನು ಹೊರತೆಗೆದಾಗ ಕಾರಣ ಕಣ್ಣಿಗೇ ಬಿತ್ತು. ನೆನಪು ಉಳಿಸುವ ಹಳದಿ ತಂತಿಗೆ ಸದಾ ಕರೆಂಟ್ ಬೇಕು, ಕೆಂಪು ತಂತಿಗೆ ಕೀಲಿ ತಿರುಗಿಸಿದಾಗ ಮಾತ್ರ ಬರಬೇಕು. ಹಿಂದೆ ಕೂಡಿಸಿದವರು ಎರಡನ್ನೂ ಒಟ್ಟಿಗೆ ಹೊಸೆದು ಟೇಪ್ ಸುತ್ತಿದ್ದರು. ಪರದೆ ಕತ್ತಲಾಗಿದ್ದರೂ ಸೆಟ್ಟು ಮತ್ತು ಅದಕ್ಕೆ ಕೂಡಿದ ಆಂಪ್ಲಿಫೈಯರ್ ಹಗಲಿರುಳು ಎಚ್ಚರವಾಗಿಯೇ ಇದ್ದವು.

ಕೆಂಪು ತಂತಿಯನ್ನು ಬೇರ್ಪಡಿಸಿ ಕೀಲಿಯ ಲೈನಿಗೆ ಬೆಸೆದ ಮೇಲೆ, ಅದೇ ರೀತಿ ಕಾದು ನೋಡಿದರೆ 26 ಮಿಲಿಆಂಪಿಯರ್. ಪದೇ ಪದೇ ಬರಿದಾದ ಬ್ಯಾಟರಿಯ ತಟ್ಟೆಗಳಲ್ಲಿ ಸಲ್ಫೇಟ್ ಗಟ್ಟಿಯಾಗಿ ಕುಳಿತು ಸಾಮರ್ಥ್ಯ ತಗ್ಗಿರಬಹುದು. ಆದ್ದರಿಂದ ಮುಂದಿನ ಹಂತದಲ್ಲಿ ಅದಕ್ಕೆ ಲೋಡ್ ಟೆಸ್ಟ್, ಅಂದರೆ ಹೆಚ್ಚು ಕರೆಂಟ್ ಎಳೆದು ಬ್ಯಾಟರಿಯ ಬಲ ನೋಡುವ ಪರೀಕ್ಷೆ, ಮಾಡಿಸುತ್ತೇನೆ.