ಹಗುರ ಬಾಡಿಯ ಕೆಲಸ: ಜ್ಯೂರಿಕ್‌ನಿಂದ ಕೊಡಗಿನವರಿಗೆ

ಜ್ಯೂರಿಕ್‌ನಲ್ಲಿ ಓದುತ್ತಿರುವ ನಾವೊಂದಿಷ್ಟು ವಿದ್ಯಾರ್ಥಿಗಳು ಈ ಚಳಿಗಾಲವಿಡೀ ಒಂದು ಗಾಡಿಗೆ ಕಾರ್ಬನ್ ಫೈಬರ್ ಬಾಡಿ ಕಟ್ಟುತ್ತಿದ್ದೇವೆ. ಮೂರು ಚಕ್ರ, ಒಬ್ಬರೇ ಚಾಲಕರು, ಅವರೂ ಹೆಚ್ಚುಕಡಿಮೆ ಮಲಗಿಕೊಂಡೇ ಓಡಿಸಬೇಕು. ಶೆಲ್ ಇಕೋ-ಮ್ಯಾರಥಾನ್ ಸ್ಪರ್ಧೆಗೆ ಹೋಗುತ್ತವಲ್ಲ, ಆ ಜಾತಿಯದು. ಅಲ್ಲಿ ವೇಗಕ್ಕೆ ಬಹುಮಾನವಿಲ್ಲ. ಗಂಟೆಗೆ 25 ಕಿ.ಮೀ. ಆಸುಪಾಸಿನಲ್ಲಿ ಓಡಿ ಯಾರು ಕಡಿಮೆ ಇಂಧನ ಖರ್ಚು ಮಾಡಿದರೋ ಅವರು ಗೆದ್ದರು. 2005ರಲ್ಲಿ ಇದೇ ಊರಿನ ಇಟಿಎಚ್ ಅನ್ನುವ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ಯಾಕ್-ಕಾರ್ 2 ಹೈಡ್ರೋಜನ್‌ನಿಂದ ಓಡಿ, ಒಂದು ಲೀಟರ್ ಪೆಟ್ರೋಲಿನಷ್ಟು ಶಕ್ತಿಗೆ 5,385 ಕಿ.ಮೀ. ಲೆಕ್ಕ ತೋರಿಸಿತ್ತು. ಆ ಗಾಡಿಯ ತೂಕ ಸುಮಾರು 30 ಕೆ.ಜಿ. ತೂಕ ಇಳಿದಷ್ಟೂ ಟೈರ್ ಉರುಳಲು ಬೇಕಾದ ಶಕ್ತಿ ಇಳಿಯುತ್ತದೆ.

"ಅಲ್ಲ ಮಗಾ, ಅಷ್ಟು ಹಗುರ ಇದ್ರೆ ಮುರಿಯಲ್ವಾ?" ಅಂತ ಅಪ್ಪ ಫೋನಿನಲ್ಲಿ ಕೇಳಿದರು. ಮೆಣಸು ಕೊಯ್ಯುವ ಬಿದಿರಿನ ಏಣಿ ನೆನಪಿಸಿದೆ. ಬಿದಿರಿನ ನಾರು ಉದ್ದಕ್ಕೆ ಓಡುವುದರಿಂದಲೇ ಅದು ಆಳಿನ ಭಾರ ತಡೆಯುತ್ತದೆ. ತುದಿಗೆ ಕತ್ತಿ ಇಟ್ಟು ಬಡಿದರೆ ಸಲೀಸಾಗಿ ಸೀಳಿಯೂ ಹೋಗುತ್ತದೆ. ಕಾರ್ಬನ್ ನಾರೂ ಹಾಗೇ. 5ರಿಂದ 7 ಮೈಕ್ರಾನ್‌ನ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಎಳೆ, ತೂಕಕ್ಕೆ ತೂಕ ನೋಡಿದರೆ ಉದ್ದಕ್ಕೆ ಉಕ್ಕನ್ನೂ ಮೀರಿಸುತ್ತದೆ, ಅಡ್ಡಕ್ಕೆ ಮಾತ್ರ ಎಳೆಗಳನ್ನು ಹಿಡಿದಿಡುವ ಅಂಟಿಗೆ, ಅಂದರೆ ರೆಸಿನ್‌ಗೆ ಇರುವಷ್ಟೇ ಬಲ. ಹಾಗಾಗಿ ಬಾಡಿ ಬಗ್ಗುವ ಕಡೆ ಉದ್ದಕ್ಕೆ, ತಿರುಚುವ ಕಡೆ 45 ಡಿಗ್ರಿ ಓರೆಗೆ, ಭಾರವೇ ಬೀಳದ ಕಡೆ ತೀರಾ ತೆಳುವಾಗಿ ಕಾರ್ಬನ್ ಬಟ್ಟೆಯ ಪದರ ಹಾಸುತ್ತೇವೆ. ದುಬಾರಿ ಬಟ್ಟೆ ತಂದ ಮಾತ್ರಕ್ಕೆ ಗಾಡಿ ಹಗುರವಾಗುವುದಿಲ್ಲ. ಭಾರ ಯಾವ ದಾರಿ ಹಿಡಿದು ಚಕ್ರಕ್ಕೆ ಇಳಿಯುತ್ತದೆ ಅನ್ನುವುದು ತಿಳಿದಿರಬೇಕು. ನಾನು ಇಲ್ಲಿ ಕಲಿತದ್ದರಲ್ಲಿ ಬೆಲೆಬಾಳುವುದು ಇದೇ.

ಶ್ರಮದ ಬಹುಪಾಲು ಈ ಪದರ ಹಾಸುವ ಅಚ್ಚಿಗೇ ಹೋಗುತ್ತದೆ. ಉಜ್ಜಿ ಉಜ್ಜಿ ನುಣುಪು ಮಾಡಿ, ವ್ಯಾಕ್ಸ್ ಹಚ್ಚಿ ಒರೆಸಿ ಮತ್ತೆ ಹಚ್ಚಬೇಕು. ಅಂಗೈಯಗಲ ಬಿಟ್ಟುಹೋದರೂ ಬಾಡಿ ಅಲ್ಲೇ ಕಚ್ಚಿಕೊಳ್ಳುತ್ತದೆ. ರೆಸಿನ್ ಕುಡಿಸಿಯೇ ಬರುವ ಕಾರ್ಬನ್ ಬಟ್ಟೆ ಮೈನಸ್ 18 ಡಿಗ್ರಿ ಫ್ರೀಜರ್‌ನಲ್ಲಿರುತ್ತದೆ. ತೆಗೆದ ಕೂಡಲೇ ಕವರ್ ಬಿಚ್ಚುವ ಹಾಗಿಲ್ಲ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಕೋಣೆಯ ಬಿಸಿಗೆ ಬಂದ ಮೇಲೆ ಮೂಲೆ ಮೂಲೆಗೂ ಬೆರಳಿನಿಂದ ಒತ್ತಿ ಕೂರಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಜಿಗುಟು ಟೇಪ್ ಹಾಕಿ ವ್ಯಾಕ್ಯೂಮ್ ಪಂಪ್ ಶುರು ಮಾಡುತ್ತೇವೆ. ಹಾಳೆ ಸುಕ್ಕುಗಟ್ಟಿ ಅಚ್ಚಿಗೆ ಬಿಗಿಯುತ್ತದೆ. ಒಳಗಿನ ಗಾಳಿ ಪೂರ್ತಿ ಹೋದರೆ ಹೊರಗಿನ ವಾತಾವರಣವೇ ಚದರ ಮೀಟರಿಗೆ ಸುಮಾರು 10 ಟನ್ ಒತ್ತುತ್ತದೆ! ಎಲ್ಲೋ ಸಣ್ಣಗೆ 'ಸುಯ್' ಅಂದರೆ ಸೋರಿಕೆ. ಮಾತು ನಿಲ್ಲಿಸಿ ಎಲ್ಲರೂ ಅಂಚಿಗೆ ಕಿವಿ ಕೊಡುತ್ತೇವೆ. ಆಮೇಲೆ ರೆಸಿನ್ ಗಟ್ಟಿಯಾಗಲು ಓವನ್.

ಇಷ್ಟೆಲ್ಲ ಬರೆದದ್ದು ಪೊನ್ನಂಪೇಟೆ, ಕುಶಾಲನಗರದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ತಮ್ಮ ತಂಗಿಯರಿಗಾಗಿ. ಇದು ನಮ್ಮ ಕೈಗೆ ಎಟುಕದ ಕೆಲಸ ಅಂದುಕೊಳ್ಳಬೇಡಿ. 2019ರಲ್ಲಿ ಈ ಸ್ಪರ್ಧೆ ಬೆಂಗಳೂರಿನಲ್ಲೇ ನಡೆದಿತ್ತು. ಫ್ರೀಜರ್, ಓವನ್ ಇಲ್ಲದಿದ್ದರೆ ರೆಸಿನ್ ಕುಡಿಸದ ಒಣ ಬಟ್ಟೆ ಮತ್ತು ಕೋಣೆಯ ಬಿಸಿಗೇ ಗಟ್ಟಿಯಾಗುವ ಎಪಾಕ್ಸಿ ರೆಸಿನ್ ಸಾಕು. ಕಾರ್ಬನ್‌ಗಿಂತ ಗ್ಲಾಸ್ ಫೈಬರ್ ಅಗ್ಗ, ಶುರು ಮಾಡಲು ಅದೇ ಒಳ್ಳೆಯದು. ತೋಟದ ಹಳೇ ಜೀಪಿನ ಬಾನೆಟ್‌ನಿಂದ ಅಚ್ಚು ತೆಗೆದರೂ ಕೈ ಪಳಗುತ್ತದೆ. ಮಳೆಗಾಲದಲ್ಲಿ ಮಾತ್ರ ಬೇಡ. ನಮ್ಮ ಥಂಡಿಗೆ ಎಪಾಕ್ಸಿ ಮೇಲೆ ಜಿಡ್ಡು ಪೊರೆ ಕಟ್ಟಿ ಮುಂದಿನ ಪದರ ಸರಿಯಾಗಿ ಹಿಡಿಯುವುದಿಲ್ಲ. ಕಾಫಿ ಕಣಕ್ಕೆ ಬೀಳುವ ಬಿಸಿಲಿನ ದಿನಗಳೇ ಇದಕ್ಕೂ ಸರಿ. ಫೈಬರ್ ಕತ್ತರಿಸುವಾಗ, ಉಜ್ಜುವಾಗ ಮಾಸ್ಕ್, ಕನ್ನಡಕ ಬಿಡಬೇಡಿ. ಕಾರ್ಬನ್ ಧೂಳಿನಲ್ಲಿ ಕರೆಂಟ್ ಹರಿಯುತ್ತದೆ, ಮೋಟಾರು, ಸ್ವಿಚ್‌ಬೋರ್ಡಿನೊಳಗೆ ಹೊಕ್ಕರೆ ಶಾರ್ಟ್ ಆಗುತ್ತದೆ.

ಜನವರಿಯಲ್ಲಿ ಊರಿಗೆ ಬರುತ್ತೇನೆ. ಯಾರಾದರೂ ಅಚ್ಚು ತಯಾರು ಮಾಡಿಟ್ಟರೆ ಪದರ ಹಾಸಲು ನಾನೂ ಜೊತೆಗೆ ನಿಲ್ಲುತ್ತೇನೆ.